ಕರೆದರೆ ಬರುವವರು

ಚಳ್ಳಕೆರೆಯಲ್ಲಿ ಯಾವುದಾದರೂ ಎತ್ತರದ ಮಾಳಿಗೆ ಹತ್ತಿ ನಿಂತು ಸುತ್ತ ಒಮ್ಮೆ ನೋಡಿ. ಹತ್ತು ವರ್ಷದ ಹಿಂದೆ ಅಲ್ಲಿ ಕಾಣುತ್ತಿದ್ದದ್ದು ನೀರಿನ ಟ್ಯಾಂಕು, ಒಣಹಾಕಿದ ಶೇಂಗಾ, ಮೆಣಸಿನಕಾಯಿ, ಹಪ್ಪಳ. ಈಗ ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಸೋಲಾರ್ ಪ್ಯಾನೆಲ್ಲು ಬಿಸಿಲಿಗೆ ಮಿನುಗುತ್ತದೆ. ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ. ಆ ಮನೆಗಳ ಒಳಗೆ ಹೋಗಿ ಕೇಳಿದರೆ ಗೊತ್ತಾಗುತ್ತದೆ: ಕೆಲವು ಮನೆಗಳನ್ನು ಅವು ಬೆಳಗುತ್ತಿವೆ, ಕೆಲವು ಕಡೆ ಸುಮ್ಮನೆ ಬಿದ್ದಿವೆ. ಎರಡೂ ಮನೆಗೆ ಸೂರ್ಯ ಒಬ್ಬನೇ. ಪ್ಯಾನೆಲ್ಲಿನಲ್ಲೂ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇರುವುದು ಕೂರಿಸಿದವರ ಕೈಯಲ್ಲಿ. ಕೂರಿಸಿದ ಮೇಲೆ ಮತ್ತೆ ನಮ್ಮ ಹೊಸ್ತಿಲಿಗೆ ಬಂದ ಅವರ ಕಾಲಲ್ಲಿ.

ಈ ದಿನ ನಾನು ಮಾತಾಡಬೇಕೆಂದಿರುವುದು ಆ ಕೈ ಮತ್ತು ಆ ಕಾಲಿನ ಬಗ್ಗೆ. ಮನೆಗೆ ಸೋಲಾರ್ ಮತ್ತು ಬ್ಯಾಟರಿ ಹಾಕಿಸಬೇಕು ಎಂದು ಮನಸ್ಸು ಮಾಡಿದವರು ಯಾರನ್ನು ಕರೆಯಬೇಕು, ಅವರನ್ನು ಹೇಗೆ ಪರೀಕ್ಷೆ ಮಾಡಬೇಕು, ಏನೇನು ಕೇಳಬೇಕು ಎಂಬುದು.

ಮೊದಲು ನನ್ನ ಮನೆಯಲ್ಲೇ ಆದದ್ದನ್ನು ಹೇಳಿಬಿಡುತ್ತೇನೆ. ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ, ಕೈಗೆ ಬಂದ ಹಣದಲ್ಲಿ ಒಂದು ಪಾಲು ತೆಗೆದು ಮನೆಗೆ ಸೋಲಾರ್ ಹಾಕಿಸಿದೆ. ದೂರದ ನಗರದಿಂದ ಬಂದವರು. ಒಂದೇ ದಿನದಲ್ಲಿ ಕೆಲಸ ಮುಗಿಸಿ, ಫೋಟೊ ತೆಗೆಸಿಕೊಂಡು, ಪೂರ್ತಿ ಹಣ ಎಣಿಸಿಕೊಂಡು ಹೊರಟರು. ಮೊದಲ ವರ್ಷ ಚೆನ್ನಾಗಿತ್ತು. ಎರಡನೆಯ ಬೇಸಿಗೆಗೆ ಬ್ಯಾಟರಿ ಅರ್ಧ ಗಂಟೆಗೂ ನಿಲ್ಲದಾಯಿತು. ಫೋನ್ ಮಾಡಿದರೆ ಈ ವಾರ, ಮುಂದಿನ ವಾರ ಎಂದರು. ಆಮೇಲೆ ಫೋನ್ ಎತ್ತಲಿಲ್ಲ. ಅವರಿಗೆ ಇನ್ನೂರು ಕಿಲೋಮೀಟರ್ ಬಂದು ಹೋಗುವ ಖರ್ಚೇ ನನ್ನ ಬ್ಯಾಟರಿಗಿಂತ ಹೆಚ್ಚಾಗಿತ್ತು.

ಕೊನೆಗೆ ಬಂದು ನೋಡಿದವನು ನಮ್ಮೂರಲ್ಲೇ ಮೋಟರ್ ರಿವೈಂಡಿಂಗ್ ಮಾಡಿಕೊಂಡು, ಸೋಲಾರ್ ಕೆಲಸವನ್ನೂ ಕಲಿತಿದ್ದ ಒಬ್ಬ ಹುಡುಗ. ಮಾಳಿಗೆ ಮೇಲಿನ ತಗಡಿನ ಕೋಣೆಯಲ್ಲಿ ಬ್ಯಾಟರಿ ಇಟ್ಟಿದ್ದನ್ನು ನೋಡಿ ಅಲ್ಲೇ ನಿಂತುಬಿಟ್ಟ. "ಮೇಷ್ಟ್ರೇ, ಇದನ್ನ ಇಲ್ಲಿ ಇಡಿ ಅಂದೋರು ಯಾರು? ಮಧ್ಯಾಹ್ನ ಈ ಕೋಣೆ ಒಳಗೆ ನಾವು ಐದು ನಿಮಿಷ ನಿಲ್ಲಕ್ಕಾಗಲ್ಲ. ಬ್ಯಾಟರಿ ಹೆಂಗೆ ತಡ್ಕಳುತ್ತೆ?" ಎಂದ. ಮಾತು ನಿಜವಾಗಿತ್ತು. ಸೀಸ ಮತ್ತು ಆಮ್ಲದ ಬ್ಯಾಟರಿಯ ಆಯಸ್ಸನ್ನು ಲೆಕ್ಕ ಹಾಕುವುದು ಸುಮಾರು 25 ಡಿಗ್ರಿ ಉಷ್ಣತೆಗೆ. ಅದರ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಆಯಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ. ತಗಡಿನ ಕೆಳಗೆ ಇನ್ನೆಷ್ಟೋ. ಪಾಠದಲ್ಲಿ ಉಷ್ಣವನ್ನು ಕಲಿಸಿದವನು ನಾನು. ಆದರೂ ಆ ದಿನ ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ. ನನ್ನಂತೆ ನೀವು ಕಳೆದುಕೊಳ್ಳಬಾರದು ಎಂಬುದೇ ಈ ಮಾತಿನ ಉದ್ದೇಶ.

ನಮ್ಮ ಸೀಮೆಗೆ ಬಿಸಿಲಿನ ಕೊರತೆ ಎಂದೂ ಇಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ಮಳೆಗಾಗಿ ಮುಗಿಲು ನೋಡುತ್ತ ಬದುಕಿದ ನಮಗೆ ಅದೇ ಮುಗಿಲು ಈಗ ಬೇರೊಂದು ಫಸಲು ಕೊಡುತ್ತಿದೆ. ನೆರೆಯ ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಹರಡಿಕೊಂಡಿದೆ. ಬರ ಬಿದ್ದ ಹೊಲಗಳನ್ನು ರೈತರು ಗುತ್ತಿಗೆಗೆ ಕೊಟ್ಟು ಕಟ್ಟಿದ ಪಾರ್ಕ್ ಅದು. ಅಲ್ಲಿನ ಪ್ಯಾನೆಲ್ಲುಗಳನ್ನು ಕಾಯಲು, ತೊಳೆಯಲು, ರಿಪೇರಿ ಮಾಡಲು ದಿನವಿಡೀ ಜನ ಇದ್ದಾರೆ. ನಮ್ಮ ಮಾಳಿಗೆಯ ನಾಲ್ಕಾರು ಪ್ಯಾನೆಲ್ಲಿಗೆ ಯಾರಿದ್ದಾರೆ? ಮನೆಯ ಸೋಲಾರಿನ ವಿಚಾರದಲ್ಲಿ ಮೊದಲ ಪ್ರಶ್ನೆಯೂ ಇದೇ, ಕೊನೆಯ ಪ್ರಶ್ನೆಯೂ ಇದೇ.

ಯಾರನ್ನಾದರೂ ಕರೆಯುವ ಮೊದಲು ಮನೆಯವರೆಲ್ಲ ಕೂತು ಒಂದು ಮಾತು ತೀರ್ಮಾನಿಸಿಕೊಳ್ಳಿ. ನಮಗೆ ಬೇಕಾಗಿರುವುದು ಕರೆಂಟ್ ಬಿಲ್ಲು ಕಡಿಮೆಯಾಗುವುದೋ, ಅಥವಾ ಕರೆಂಟ್ ಹೋದಾಗ ಮನೆಯಲ್ಲಿ ಬೆಳಕಿರುವುದೋ? ಇವೆರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಒಂದೇ ಅಲ್ಲ.

ಬಿಲ್ಲು ತಗ್ಗಿಸಲು ಹಾಕುವುದು ಆನ್‌ಗ್ರಿಡ್ ಸೋಲಾರ್. ಹಗಲು ತಯಾರಾದ ಕರೆಂಟಿನಲ್ಲಿ ಮನೆಗೆ ಬೇಕಾದಷ್ಟು ಉಪಯೋಗವಾಗಿ, ಉಳಿದದ್ದು ಬೆಸ್ಕಾಂ ತಂತಿಗೆ ಹೋಗುತ್ತದೆ. ಹೋದದ್ದು ಎಷ್ಟು, ಬಂದದ್ದು ಎಷ್ಟು ಎಂದು ನೆಟ್ ಮೀಟರ್ ಲೆಕ್ಕ ಇಡುತ್ತದೆ. ಆದರೆ ಬೆಸ್ಕಾಂ ಕರೆಂಟ್ ಹೋದ ಕ್ಷಣ ಈ ಸೋಲಾರ್ ಕೂಡ ತಾನಾಗಿ ನಿಂತುಬಿಡುತ್ತದೆ. ಮಟಮಟ ಮಧ್ಯಾಹ್ನವಾದರೂ ಸರಿ, ನಿಲ್ಲುತ್ತದೆ. ಅದು ದೋಷವಲ್ಲ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಹರಿದ ಕರೆಂಟ್ ತಾಗಿ ಜೀವ ಹೋಗಬಾರದು ಎಂದು ಹಾಗೆ ಮಾಡಿದ್ದಾರೆ. ಇದನ್ನು ಮೊದಲೇ ಬಿಡಿಸಿ ಹೇಳದೆ, "ಸೋಲಾರ್ ಹಾಕಿಸಿ, ಕರೆಂಟ್ ಚಿಂತೆ ಬಿಡಿ" ಎಂದು ಮಾರುವವರಿದ್ದಾರೆ. ಮೊದಲ ರಾತ್ರಿ ಟಿಸಿ ಸುಟ್ಟು ಊರು ಕತ್ತಲಾದಾಗ ಈ ಮನೆಯೂ ಕತ್ತಲು. ಆಗ ಯಜಮಾನನಿಗೆ ಆಗುವ ಸಂಕಟ ನನಗೆ ಗೊತ್ತು.

ಕರೆಂಟ್ ಹೋದಾಗಲೂ ದೀಪ ಬೇಕಾದರೆ ಬ್ಯಾಟರಿ ಬೇಕು. ಬಿಲ್ಲೂ ತಗ್ಗಬೇಕು, ದೀಪವೂ ಉರಿಯಬೇಕು ಎಂದರೆ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ಬ್ಯಾಟರಿ ಬೇಕು. ಇನ್ನೊಂದು ಮಾತು. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ, 200 ಯೂನಿಟ್ ಮಿತಿಯೊಳಗೆ ತಮ್ಮ ಹಳೆಯ ಸರಾಸರಿಯಷ್ಟೇ ಬಳಸುವ ಎಷ್ಟೋ ಮನೆಗಳಿಗೆ ಬಿಲ್ಲೇ ಇಲ್ಲ. ಅಂಥ ಮನೆಗೆ ಬಂದು "ನಿಮ್ಮ ಬಿಲ್ಲು ಉಳಿಸುತ್ತೇವೆ" ಎನ್ನುವವರ ಲೆಕ್ಕವನ್ನು ನಿಧಾನವಾಗಿ ಕೇಳಿಸಿಕೊಳ್ಳಿ. ಇಲ್ಲದ ಬಿಲ್ಲನ್ನು ಉಳಿಸುವುದು ಹೇಗೆ? ಆ ಮನೆಗೆ ಬೇಕಿರುವುದು ಬಹುಶಃ ಪರೀಕ್ಷೆಗೆ ಓದುವ ಮಗುವಿಗೆ ಬೆಳಕು, ಮಂಚದ ಮೇಲಿರುವ ಅಜ್ಜಿಗೆ ಫ್ಯಾನು. ಅದಕ್ಕೆ ಎರಡು ಲಕ್ಷದ ಘಟಕ ಬೇಕಿಲ್ಲ. ಸಣ್ಣ ಪ್ಯಾನೆಲ್ಲು, ಒಂದು ಬ್ಯಾಟರಿ ಸಾಕಾದೀತು. ಹಾಗೆಂದು ನೇರವಾಗಿ ಹೇಳುವವನು ನಿಮ್ಮ ಹಿತ ಬಯಸುವವನು.

ಈಗ ಬ್ಯಾಟರಿಯ ಲೆಕ್ಕ. ರೇಡಿಯೊ ಪಕ್ಕ ಪೆನ್ನು ಕಾಗದ ಇದ್ದರೆ ಬರೆದುಕೊಳ್ಳಿ. 9 ವ್ಯಾಟ್‌ನ 5 ಬಲ್ಬು, 45 ವ್ಯಾಟ್ ಆಯಿತು. 70 ವ್ಯಾಟ್‌ನ 2 ಫ್ಯಾನು, 140. ಟಿವಿ 65. ಒಟ್ಟು 250 ವ್ಯಾಟ್. ಇವು 4 ಗಂಟೆ ನಡೆದರೆ 1,000 ವ್ಯಾಟ್ ಅವರ್, ಅಂದರೆ ಒಂದು ಯೂನಿಟ್. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ 12 ವೋಲ್ಟ್, 150 ಆಂಪಿಯರ್ ಅವರ್ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇರುತ್ತದೆ. ಆದರೆ ಅದನ್ನು ದಿನವೂ ತಳ ಕಾಣುವಷ್ಟು ಬರಿದು ಮಾಡಿದರೆ ಬೇಗ ಸಾಯುತ್ತದೆ. ಅರ್ಧ ಬಳಸಿ ಅರ್ಧ ಉಳಿಸುವುದು ಒಳ್ಳೆಯದು. ಅಲ್ಲಿಗೆ ಕೈಗೆ ಸಿಗುವುದು 0.9 ಯೂನಿಟ್. ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ. ಹಾಗಾಗಿ ನಾಲ್ಕು ಗಂಟೆಗೆ ಅದು ಸ್ವಲ್ಪ ಕಡಿಮೆಯೇ.

ಈ ಲೆಕ್ಕ ಕೇಳಿದ ಮೇಲೆ "ಎರಡು ಬ್ಯಾಟರಿ ಹಾಕೋಣ" ಎನ್ನುವವರು ಒಬ್ಬರು. "ಬ್ಯಾಟರಿ ಒಂದೇ ಇರಲಿ, 30 ವ್ಯಾಟ್ ಸುಮಾರಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನು ಎರಡು ಹಾಕಿಸಿಕೊಳ್ಳಿ, ಲೋಡೇ ಇಳಿಯುತ್ತದೆ" ಎನ್ನುವವರು ಇನ್ನೊಬ್ಬರು. ಎರಡನೆಯವರಿಗೆ ನಿಮ್ಮ ಕೆಲಸ ಕೊಡಿ. ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚು. ಆದರೆ ಅದರಲ್ಲಿ ಶೇ 80ಕ್ಕೂ ಮೇಲೆ ಬಳಸಬಹುದು, ನೀರು ಹಾಕುವ ಗೊಡವೆ ಇಲ್ಲ, ಬಾಳಿಕೆಯೂ ಹೆಚ್ಚು. ದಿನವೂ ಗಂಟೆಗಟ್ಟಲೆ ಬ್ಯಾಟರಿ ಬಳಸುವ ಮನೆಗೆ ಅದು ಲಾಭ. ವಾರಕ್ಕೊಮ್ಮೆ ಕರೆಂಟ್ ಹೋಗುವ ಮನೆಗೆ ಹಳೆಯದೇ ಸಾಕು. ನೀರೆತ್ತುವ ಒಂದು ಎಚ್‌ಪಿ ಮೋಟರನ್ನು ಮಾತ್ರ ಬ್ಯಾಟರಿಗೆ ಸೇರಿಸಬೇಡಿ. ಅದು ಶುರುವಾಗುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು.

ಒಳ್ಳೆಯ ಕೆಲಸಗಾರ ಹೇಗಿರುತ್ತಾನೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಮೊಳಕಾಲ್ಮೂರಿನಲ್ಲಿ, ನಮ್ಮ ಚಿಕ್ಕಪ್ಪನ ಮನೆಯಲ್ಲಿ. ಅವರದು ಕುಣಿಮಗ್ಗ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ ಹುಟ್ಟುವುದು ಅಂಥ ಮಗ್ಗಗಳಲ್ಲೇ. ಬೆಳಕು ಸಾಲದಿದ್ದರೆ ಎಳೆ ತಪ್ಪುತ್ತದೆ, ಬಣ್ಣ ತಪ್ಪುತ್ತದೆ. ತಪ್ಪಿದ ಸೀರೆಗೆ ಬೆಲೆ ಇಳಿಯುತ್ತದೆ. ಸಂಜೆ ಕರೆಂಟ್ ಹೋದರೆ ಲಾಳಿ ಕೆಳಗಿಟ್ಟು ಕೂರಬೇಕು.

ಸೋಲಾರ್ ಹಾಕಲು ಬಂದ ಹುಡುಗ ಬೆಲೆಯ ಮಾತೆತ್ತಲಿಲ್ಲ. ಅರ್ಧ ಗಂಟೆ ಮಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತು ನೇಯುವುದನ್ನು ನೋಡಿದ. ಆಮೇಲೆ ಕೇಳಿದ, "ತಾತ, ನೀವು ಲಾಳಿ ಎಸೆಯುವಾಗ ನಿಮ್ಮ ಕೈ ನೆರಳು ಬಟ್ಟೆ ಮೇಲೆ ಬೀಳ್ತಾ ಇದೆ. ದೀಪ ನಿಮ್ಮ ತಲೆ ಮೇಲೆ ಬೇಡ, ಸ್ವಲ್ಪ ಮುಂದಕ್ಕೆ, ಎಡಕ್ಕೆ ಇಡಲಾ?" ಚಿಕ್ಕಪ್ಪ ಲಾಳಿ ನಿಲ್ಲಿಸಿ ಅವನ ಮುಖ ನೋಡಿದರು. "ಐವತ್ತು ವರ್ಷ ನೇಯ್ದಿದ್ದೀನಿ ಕಣಪ್ಪ. ನೆರಳು ಎಲ್ಲಿ ಬೀಳುತ್ತೆ ಅಂತ ಇದುವರೆಗೂ ಯಾರೂ ಕೇಳಿರಲಿಲ್ಲ" ಎಂದರು. ಆ ಮನೆಯಲ್ಲಿ ಈಗ ಬ್ಯಾಟರಿ ಮಗ್ಗದಿಂದ ದೂರ, ಗಾಳಿಯಾಡುವ ಹಿತ್ತಲ ಪಡಸಾಲೆಯಲ್ಲಿದೆ. ಚಾರ್ಜಾಗುವಾಗ ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ, ರೇಷ್ಮೆ ಇರುವಲ್ಲಿ ಒಂದು ಕಿಡಿಯೂ ಬೇಡ ಎಂದು ಅವನೇ ಹೇಳಿ ಅಲ್ಲಿ ಇರಿಸಿದ.

ಇದು ಒಬ್ಬ ಹುಡುಗನ ಗುಣ ಮಾತ್ರವಲ್ಲ, ನಮ್ಮ ನಾಡಿನಲ್ಲೇ ಬೆಳೆದುಬಂದ ಒಂದು ದಾರಿ. 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆಯವರು ಸೆಲ್ಕೊ ಎಂಬ ಸೋಲಾರ್ ಕಂಪನಿ ಕಟ್ಟಿದಾಗ, ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ಕಾಪಾಡಿಕೊಳ್ಳಲಾರರು ಎಂಬ ಮಾತು ಬಲವಾಗಿತ್ತು. ಡೊಮಿನಿಕನ್ ರಿಪಬ್ಲಿಕ್ ಎಂಬ ದೂರದ ದೇಶದಲ್ಲಿ ಬಡವರ ಮನೆಗಳಲ್ಲಿ ಸೌರದೀಪ ಉರಿಯುವುದನ್ನು ಓದುವ ದಿನಗಳಲ್ಲೇ ಕಂಡಿದ್ದ ಅವರು ಆ ಮಾತನ್ನು ಒಪ್ಪಲಿಲ್ಲ. ಮನೆಮನೆಗೆ ಹೋಗಿ ಯಾರಿಗೆ ಎಲ್ಲಿ ಎಷ್ಟು ಬೆಳಕು ಬೇಕು ಎಂದು ಕೇಳುವುದು, ಬ್ಯಾಂಕಿನಿಂದ ಸಾಲ ಕೊಡಿಸುವುದು, ಗಿರಾಕಿಗೆ ಹತ್ತಿರದಲ್ಲೇ ಶಾಖೆ ಇಟ್ಟು ರಿಪೇರಿಗೆ ಆಳು ಕಳಿಸುವುದು: ಈ ಮೂರನ್ನು ಅವರು ಒಟ್ಟಿಗೆ ಹಿಡಿದರು. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕೊಡಬಲ್ಲೆ ಎಂದು ಬೀದಿ ವ್ಯಾಪಾರಿಯೊಬ್ಬರು ತಮಗೆ ಕಲಿಸಿದ ಪಾಠವನ್ನು ಹಂದೆಯವರು ಎಷ್ಟೋ ಸಭೆಗಳಲ್ಲಿ ನೆನೆದಿದ್ದಾರೆ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕಿನ ಜೊತೆ ಸೇರಿ ದಕ್ಷಿಣ ಭಾರತದಲ್ಲಿ ಮನೆ ಸೋಲಾರಿಗೆ ಸಾಲ ಕೊಡುವ ಯೋಜನೆ ತಂದಾಗಲೂ, ಯಾರು ಬೇಕಾದರೂ ಮಾರಬಹುದು ಎಂದಿರಲಿಲ್ಲ. ಅರ್ಹತೆ ನೋಡಿ ಆರಿಸಿದ ಕಂಪನಿಗಳಿಂದ ಕೊಂಡರೆ ಮಾತ್ರ ಸಾಲ ಎಂದಿತ್ತು. ಬ್ಯಾಂಕಿಗೂ ಗೊತ್ತಿತ್ತು: ದೀಪ ಆರಿದ ಮನೆಯಿಂದ ಕಂತು ಬರುವುದಿಲ್ಲ. ಬ್ಯಾಂಕು ತನ್ನ ಹಣಕ್ಕಾಗಿ ತೋರಿದ ಆ ಎಚ್ಚರವನ್ನು ನಾವು ನಮ್ಮ ಹಣಕ್ಕಾಗಿ ತೋರಬೇಕಲ್ಲವೇ?

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನೊಗಕ್ಕೆ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತೇವೆ. ಸೋಲಾರಿನವರನ್ನು ಆರಿಸುವಾಗಲೂ ಹಾಗೆಯೇ ಪರೀಕ್ಷೆ ಮಾಡಿ.

ಮೊದಲ ಪರೀಕ್ಷೆ: ಮಾಳಿಗೆ ಹತ್ತಿದರೋ ಇಲ್ಲವೋ? ಜಗಲಿಯಲ್ಲಿ ಕೂತು ಫೋನಿನಲ್ಲೇ ಬೆಲೆ ಹೇಳುವವರು ಬೇಡ. ಮೇಲೆ ಹೋಗಿ ತೆಂಗಿನ ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ, ಪಕ್ಕದ ಮನೆ ಮುಂದೆ ಎತ್ತರವಾದೀತೇ ಎಂದು ನೋಡಬೇಕು. ಒಂದು ಕಿಲೋವಾಟ್‌ಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ನಾವಿರುವುದು ಭೂಮಧ್ಯರೇಖೆಯ ಉತ್ತರಕ್ಕೆ 14 ಡಿಗ್ರಿ ಚಿಲ್ಲರೆಯಲ್ಲಿ. ಹಾಗಾಗಿ ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಿ, ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಓರೆಯಾಗಿ ಕೂರಬೇಕು. ಆರ್‌ಸಿಸಿ ಮಾಳಿಗೆಯಾದರೆ ಸರಿ. ನಮ್ಮ ಹಳ್ಳಿಗಳಲ್ಲಿ ಇನ್ನೂ ಇರುವ ಮಣ್ಣಿನ ಮಾಳಿಗೆಯಲ್ಲಿ ಬೋಲ್ಟು ಕೊರೆದರೆ ಮಳೆಗೆ ಸೋರುತ್ತದೆ, ಭಾರಕ್ಕೆ ತೊಲೆ ಬಾಗುತ್ತದೆ. ಅಂಥ ಮನೆಯವರಿಗೆ "ಮಾಳಿಗೆ ಬೇಡ, ಹಿತ್ತಲಲ್ಲಿ ಕಂಬ ನೆಟ್ಟು ಕೂರಿಸೋಣ" ಎನ್ನುವ ವಿವೇಕ ಇರಬೇಕು.

ಎರಡನೆಯದು ಗಾಳಿ. ಚಿತ್ರದುರ್ಗದ ಗುಡ್ಡಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಅಲ್ಲಿ ಬಲವಾಗಿ ಗಾಳಿ ಬೀಸುವುದರಿಂದಲೇ. ಆಷಾಢದ ಗಾಳಿಗೆ ಪ್ಯಾನೆಲ್ಲು ಪಟದಂತೆ ಮೇಲೇಳುತ್ತದೆ. ಈಗಿನ ದೊಡ್ಡ ಪ್ಯಾನೆಲ್ಲು ಒಂದೊಂದೂ 25 ಕಿಲೋಗಿಂತ ಹೆಚ್ಚು ತೂಕ. ಅದು ಕಿತ್ತು ಬೀದಿಗೆ ಬಿದ್ದರೆ ಜೀವಕ್ಕೇ ಅಪಾಯ. ಸ್ಟ್ಯಾಂಡು ಬರೀ ಬಣ್ಣ ಬಳಿದ ಕಬ್ಬಿಣವೋ, ಪೂರ್ತಿ ಸತುವಿನಲ್ಲಿ ಅದ್ದಿ ತೆಗೆದ ಜಿಐ ಕಬ್ಬಿಣವೋ ಕೇಳಿ. ಬುಡಕ್ಕೆ ಕಾಂಕ್ರೀಟು ಎಷ್ಟು ಎಂದು ಕೇಳಿ. ಪ್ಯಾನೆಲ್ಲಿನ ಕೆಳಗೆ ಗಾಳಿಯಾಡಲು ಜಾಗ ಬಿಡುತ್ತೀರಾ ಎಂದೂ ಕೇಳಿ. ಯಾಕೆಂದರೆ ಪ್ಯಾನೆಲ್ಲಿಗೆ ಬೆಳಕು ಬೇಕು, ಬಿಸಿ ಬೇಡ. 25 ಡಿಗ್ರಿಯ ಮೇಲೆ ಅದು ಕಾದಷ್ಟೂ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ.

ಮೂರನೆಯದು ಅರ್ಥಿಂಗ್. ಪ್ಯಾನೆಲ್ಲಿಗೆ ಒಂದು, ಇನ್ವರ್ಟರಿಗೆ ಒಂದು, ಸಿಡಿಲು ತಡೆಯುವ ಸಾಧನಕ್ಕೆ ಒಂದು, ಹೀಗೆ ಮೂರು ಬೇರೆ ಬೇರೆ ಇರಬೇಕು. ನಮ್ಮದು ಒಣ ನೆಲ. ತೇವವಿಲ್ಲದ ಮಣ್ಣಿನಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಮೀಟರ್ ಹಿಡಿದು ಅಳೆದು ತೋರಿಸಿ ಎನ್ನಿ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕಿ ಎಂದು ಅವರೇ ಹೇಳಿದರೆ, ಈ ನೆಲ ತಿಳಿದವರು ಎಂದುಕೊಳ್ಳಿ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು. ಅವರು ಈ ಹಿಂದೆ ಕೂರಿಸಿದ ಮನೆಗಳನ್ನು ತೋರಿಸಲು ಹೇಳಿ. ಕಳೆದ ತಿಂಗಳು ಹಾಕಿದ ಮನೆ ಬೇಡ. ಅಲ್ಲಿ ಎಲ್ಲವೂ ಹೊಸದು, ಎಲ್ಲರೂ ಸಂತೋಷದಲ್ಲಿರುತ್ತಾರೆ. ಮೂರು ವರ್ಷ ಕಳೆದ ಮನೆಗೆ ಹೋಗಿ. ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿ: "ಅಕ್ಕಾ, ಕೆಟ್ಟಾಗ ಕರೆದರೆ ಎಷ್ಟು ದಿನಕ್ಕೆ ಬರ್ತಾರೆ?" ಮನೆಯಲ್ಲಿ ಇದ್ದು ಕತ್ತಲನ್ನು ಉಂಡವರು ಅವರು. ಅವರ ಉತ್ತರ ಯಾವ ಜಾಹೀರಾತಿಗಿಂತಲೂ ನಿಜ.

ಹತ್ತಿರದವರು ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಪರಿಚಯ ಬೇರೆ, ಪರಿಣತಿ ಬೇರೆ. ಸಂಬಂಧಿಕನ ಮಗ ಎಂದು ಕೆಲಸ ಕೊಟ್ಟು, ಆಮೇಲೆ ಕೇಳಲಾಗದೆ ಸಂಬಂಧವೂ ಕೆಟ್ಟು ಸೋಲಾರೂ ಕೆಟ್ಟ ಮನೆಗಳಿವೆ. ಊರವರಿಂದಲೂ ಕಾಗದದ ಮೇಲೆ ಬರೆಸಿಕೊಳ್ಳಿ. ಪ್ಯಾನೆಲ್ಲು ಯಾವ ಕಂಪನಿ, ಎಷ್ಟು ವ್ಯಾಟ್, ಒಟ್ಟು ಎಷ್ಟು ಪ್ಯಾನೆಲ್ಲು, ಇನ್ವರ್ಟರ್ ಯಾವುದು, ಬ್ಯಾಟರಿ ಯಾವುದು, ತಂತಿ, ಸ್ಟ್ಯಾಂಡು, ಕೂಲಿ, ಒಂದೊಂದಕ್ಕೂ ಬೆಲೆ ಬೇರೆ ಬೇರೆ. ವಾರಂಟಿಯೂ ಬೇರೆ ಬೇರೆ. ಪ್ಯಾನೆಲ್ಲಿಗೆ 25 ವರ್ಷ ಎಂದು ದೊಡ್ಡದಾಗಿ ಹೇಳುತ್ತಾರೆ. ಅದು ಪ್ಯಾನೆಲ್ಲಿಗೆ ಮಾತ್ರ. ಇನ್ವರ್ಟರಿನದು ಅದಕ್ಕಿಂತ ಬಹಳ ಕಡಿಮೆ, ಬ್ಯಾಟರಿಯದು ಇನ್ನೂ ಕಡಿಮೆ. ಎಲ್ಲ ಕಾರ್ಡುಗಳೂ ನಿಮ್ಮ ಹೆಸರಿನಲ್ಲಿ, ಸೀರಿಯಲ್ ನಂಬರ್ ಸಮೇತ ನಿಮ್ಮ ಕೈಗೆ ಬರಬೇಕು.

ಇನ್ನು ಸರ್ಕಾರದ ಸಹಾಯಧನ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000 ರೂಪಾಯಿ, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಮತ್ತು ಅದಕ್ಕೂ ಮೇಲ್ಪಟ್ಟು ಎಷ್ಟೇ ಇದ್ದರೂ 78,000 ರೂಪಾಯಿ. ಇದು ಬೆಸ್ಕಾಂ ಲೈನಿಗೆ ಸೇರಿಸಿದ ಸೋಲಾರಿಗೆ. ಬ್ಯಾಟರಿಯ ಬೆಲೆ ಇದರಲ್ಲಿ ಸೇರಿಲ್ಲ. ಅಡಮಾನವಿಲ್ಲದೆ ಕಡಿಮೆ ಬಡ್ಡಿಗೆ ಬ್ಯಾಂಕ್ ಸಾಲವೂ ಉಂಟು. ಯೋಜನೆಯ ಹೆಸರಿನಲ್ಲಿ ಉಚಿತ ವಿದ್ಯುತ್ ಎಂದಿದೆ. ಆದರೆ ಪ್ಯಾನೆಲ್ಲು ಉಚಿತವಲ್ಲ. "ಎಲ್ಲಾ ಫ್ರೀ, ಈಗ ಸ್ವಲ್ಪ ಅಡ್ವಾನ್ಸ್ ಕೊಡಿ" ಎಂದು ಬರುವವರಿಗೆ ಬಾಗಿಲು ತೆರೆಯಬೇಡಿ, ಫೋನಿಗೆ ಬಂದ ಒಟಿಪಿ ಹೇಳಬೇಡಿ. ಸಹಾಯಧನ ಬರುವುದು ನಿಮ್ಮ ಬ್ಯಾಂಕ್ ಖಾತೆಗೆ; ಅದೂ ಕೆಲಸ ಮುಗಿದು, ನೆಟ್ ಮೀಟರ್ ಕೂತು, ಪರಿಶೀಲನೆ ಆದ ಮೇಲೆ.

ಆ ಹಣ ಬರಬೇಕಾದರೆ ಕೂರಿಸುವವರು ಯೋಜನೆಯಲ್ಲಿ ನೋಂದಾಯಿತರಾಗಿರಬೇಕು. ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಮೊಳಕಾಲ್ಮೂರಿನವರಿಗೆ ಆಂಧ್ರದ ರಾಯದುರ್ಗ ಹತ್ತಿರ. ಗಡಿಯಾಚೆಯವರೂ ಬಂದು ಕೆಲಸ ಕೇಳುತ್ತಾರೆ. ಕೆಲಸ ಬಲ್ಲವರಾದರೆ ತಕರಾರಿಲ್ಲ. ಆದರೆ ನಮ್ಮ ಬೆಸ್ಕಾಂ ವ್ಯಾಪ್ತಿಯಲ್ಲಿ ನೋಂದಣಿ ಇದೆಯೇ ಎಂದು ಯೋಜನೆಯ ಪಟ್ಟಿಯಲ್ಲಿ ಮಕ್ಕಳಿಂದ ನೋಡಿಸಿ. ಯೋಜನೆಯಡಿ ಕೂರಿಸಿದವರು 5 ವರ್ಷ ನಿರ್ವಹಣೆ ನೋಡಿಕೊಳ್ಳಬೇಕೆಂಬ ನಿಯಮವಿದೆ. ಕರಾರುಪತ್ರದಲ್ಲಿ ಅದನ್ನು ಬೆರಳಿಟ್ಟು ಓದಿಸಿಕೊಳ್ಳಿ. ಮನೆಯ ಆರ್‌ಆರ್ ನಂಬರ್ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ ಮೊದಲು ಬೆಸ್ಕಾಂ ಕಚೇರಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ. ಕೆಲಸ ಶುರುವಾದ ಮೇಲೆ ಅದಕ್ಕೆ ಓಡಾಡುವುದು ಬೇಡ. ಹಣವನ್ನು ಒಟ್ಟಿಗೆ ಎಣಿಸಬೇಡಿ. ಸಾಮಾನು ಮನೆಗೆ ಬಂದಾಗ ಒಂದಿಷ್ಟು, ಕೂರಿಸಿದಾಗ ಒಂದಿಷ್ಟು, ನೆಟ್ ಮೀಟರ್ ತಿರುಗಿದ ಮೇಲೆ ಉಳಿದದ್ದು.

ಕೆಲಸ ಮುಗಿಸಿ ಹೊರಡುವ ಮುಂಚೆ ಒಳ್ಳೆಯವನು ಮನೆಯವರನ್ನೆಲ್ಲ ಕರೆದು ಪಾಠ ಹೇಳುತ್ತಾನೆ. ಯಾವ ಸ್ವಿಚ್ಚು ಮೊದಲು ಆಫ್ ಮಾಡಬೇಕು, ಕೆಂಪು ದೀಪ ಬಂದರೆ ಏನು ಅರ್ಥ, ದಿನಕ್ಕೆ ಎಷ್ಟು ಯೂನಿಟ್ ಬರಬೇಕು. ಒಂದು ಕಿಲೋವಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದು ನೆನಪಿಡಿ. ಬಿಸಿಲಿದ್ದೂ ಬಹಳ ಕಡಿಮೆ ಬರುತ್ತಿದ್ದರೆ ಧೂಳಾದರೂ ಇದೆ, ದೋಷವಾದರೂ ಇದೆ. ಧೂಳು ತೊಳೆಯುವಾಗ ಒಂದು ಎಚ್ಚರ. ನಮ್ಮ ಬೋರ್‌ವೆಲ್ ನೀರು ಗಡಸು. ಕಾದ ಪ್ಯಾನೆಲ್ಲಿನ ಮೇಲೆ ಸುರಿದು ಹಾಗೇ ಒಣಗಲು ಬಿಟ್ಟರೆ, ಹಂಡೆಗೆ ಕಟ್ಟುವಂತೆ ಬಿಳಿ ಕಿಟ್ಟ ಕಟ್ಟುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬ್ಯಾಟರಿಗಂತೂ ಬೋರ್‌ವೆಲ್ ನೀರು ಬೇಡ, ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಬೇಡ. ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಒಂದೇ.

ಇದುವರೆಗೆ ಅವರ ಕರ್ತವ್ಯ ಹೇಳಿದೆ. ನಮ್ಮದೂ ಒಂದಿದೆ. ಕರೆದಾಗ ಬರುವವನಿಗೆ ಬಂದ ಕೂಲಿ ಕೊಡಬೇಕು. "ಎರಡು ನಿಮಿಷದ ಕೆಲಸ, ಇದಕ್ಕೂ ದುಡ್ಡಾ?" ಎಂದು ಕೇಳಿ ಬರಿಗೈಲಿ ಕಳಿಸಿದರೆ ಅವನು ಮತ್ತೊಂದು ಸಲ ಯಾಕೆ ಬಂದಾನು? ಬೈಕಿಗೆ ಪೆಟ್ರೋಲ್ ಬೇಕು, ಮನೆ ನಡೆಯಬೇಕು. ನಮ್ಮ ಐಟಿಐಗಳಲ್ಲಿ ಕಲಿತ ಹುಡುಗರು ಬೆಂಗಳೂರಿನ ಬಸ್ಸು ಹತ್ತುವುದು ಇಲ್ಲಿ ಕೆಲಸವಿಲ್ಲ ಎಂದಲ್ಲ, ಇಲ್ಲಿನ ಕೆಲಸಕ್ಕೆ ನಾವು ಬೆಲೆ ಕೊಡುತ್ತಿಲ್ಲ ಎಂದು. ಕೆರೆಗಳನ್ನು ಕಟ್ಟಿಸಿದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ನಮ್ಮ ಸೀಮೆಯಲ್ಲಿ ಮಕ್ಕಳ ಬಾಯಲ್ಲೂ ಇದೆ. ದುಡಿದವನಿಗೆ ದುಡಿದಷ್ಟು ಸಲ್ಲಬೇಕೆಂಬ ಆ ಮಾತನ್ನು ಜಾತ್ರೆಯ ದಿನ ನೆನೆದರೆ ಸಾಲದು. ಮಾಳಿಗೆಯ ಬಿಸಿಲಿನಿಂದ ಬೆವರಿಳಿಸಿಕೊಂಡು ಇಳಿದುಬಂದ ಹುಡುಗನ ಮುಂದೆಯೂ ನೆನೆಯಬೇಕು.

ಮಾಡಿದ ಕೆಲಸಕ್ಕೆ ಹೆಸರು ಹಾಕುವುದೂ ನಮ್ಮ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಅವುಗಳ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಆ ಲಿಪಿಕಾರ, ಚಕ್ರವರ್ತಿಯ ಮಾತನ್ನೆಲ್ಲ ಬರೆದು ಮುಗಿಸಿ, ಇದು ನನ್ನ ಕೆಲಸ ಎಂದು ಹೆಸರು ಹಾಕಿದ. ತಪ್ಪಿದ್ದರೆ ಯಾರನ್ನು ಕೇಳಬೇಕೆಂದು ಓದಿದವರಿಗೆಲ್ಲ ತಿಳಿಯಲಿ ಎನ್ನುವಂತೆ ಹಾಕಿದ.

ನನ್ನ ಮನೆಯ ಬ್ಯಾಟರಿ ಈಗ ಮಾಳಿಗೆಯ ತಗಡಿನ ಕೋಣೆಯಲ್ಲಿಲ್ಲ. ಕೆಳಗೆ, ಉತ್ತರದ ಗೋಡೆಯ ತಂಪಿನಲ್ಲಿದೆ. ಅದನ್ನು ಹೊಸದಾಗಿ ಕೂರಿಸಿದ ದಿನ ನಮ್ಮೂರ ಆ ಹುಡುಗ, ನಾನು ಕೇಳದೆಯೇ, ಇನ್ವರ್ಟರ್ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ತಾರೀಖು ಬರೆದ, ಕೆಳಗೆ ತನ್ನ ಹೆಸರು ಬರೆದ, ಫೋನ್ ನಂಬರ್ ಬರೆದ. "ನಾನಿಲ್ಲದಿದ್ದರೆ ಅಂಗಡೀಲಿ ತಮ್ಮ ಇರ್ತಾನೆ ಮೇಷ್ಟ್ರೇ" ಎಂದು ಅವನ ನಂಬರನ್ನೂ ಸೇರಿಸಿದ. ನೀವು ಸೋಲಾರ್ ಹಾಕಿಸುವ ದಿನ, ಕೊನೆಯ ಕಂತಿನ ಹಣ ಕೊಡುವ ಮೊದಲು, ಒಂದು ಮಾರ್ಕರ್ ಪೆನ್ನು ತಂದು ಕೂರಿಸಿದವರ ಕೈಗೆ ಕೊಡಿ. ಹೆಸರು ಬರೆಯಲು ಕೇಳಿ. ಹಿಂದೆ ಮುಂದೆ ನೋಡದೆ ಬರೆಯುವವರೇ ನಿಮ್ಮವರು.